450 ಹೆಲಿಗೆ ಸ್ಕ್ರೀನ್ ಇಲ್ಲದ ರೇಡಿಯೊ ಬೇಡ

ಸುರತ್ಕಲ್‌ನವರು ಕೇಳಿದ್ದಾರಲ್ಲ, ಮೊದಲ 450 ಹೆಲಿಗೆ (ರಿಮೋಟ್‌ನಲ್ಲಿ ಹಾರಿಸುವ 450 ಸೈಜಿನ ಪುಟ್ಟ ಹೆಲಿಕಾಪ್ಟರ್) ಸ್ಕ್ರೀನ್ ಇಲ್ಲದ ಆರು ಚಾನೆಲ್ ರೇಡಿಯೊ, ಅಂದರೆ ರಿಮೋಟ್, ಸಾಕಾ, ಕಂಪ್ಯೂಟರ್‌ಗೆ ಕನೆಕ್ಟ್ ಮಾಡಿ ಸೆಟ್ ಮಾಡಿಕೊಳ್ಳುತ್ತೇನೆ ಅಂತ. ಬೇಡ ಮಾರಾಯ್ರೇ. ಚಾನೆಲ್ ಆರು ಇದೆಯಲ್ಲ ಅಂತ ನಾನೂ ಅಂಥದ್ದನ್ನೇ ತಗೊಂಡಿದ್ದೆ.

ಮಣಿಪಾಲದ ಹತ್ತಿರ ಕೊಯ್ಲು ಮುಗಿದ ಗದ್ದೆ. ಐಡಲ್ ಅಪ್‌ನಲ್ಲಿದ್ದ (ಸ್ಟಿಕ್ ಎಲ್ಲಿದ್ದರೂ ಮೋಟಾರ್ ಜೋರಾಗಿಯೇ ತಿರುಗುವ ಮೋಡ್) ಹೆಲಿ ಓರೆಯಾಗಿ ಹುಣಿಗೆ ತಾಗಿ ಬಿತ್ತು. ವಿಮಾನ ಹಾರಿಸಿ ಅಭ್ಯಾಸವಾದ ಕೈ, ಗಾಬರಿಯಲ್ಲಿ ಸ್ಟಿಕ್ ಪೂರ್ತಿ ಕೆಳಗೆ ಎಳೆದೆ. ಐಡಲ್ ಅಪ್‌ನಲ್ಲಿ ಸ್ಟಿಕ್ ಕೆಳಗೆ ಬಂದರೆ ಪಿಚ್, ಅಂದರೆ ಬ್ಲೇಡ್‌ನ ಕೋನ, ನೆಗೆಟಿವ್ ಆಗುತ್ತದೆ ಅಷ್ಟೇ, ಮೋಟಾರ್ ನಿಲ್ಲುವುದಿಲ್ಲ. ಬ್ಲೇಡ್ ಮುರಿದ ಮೇಲೂ ಗ್ರಿಪ್‌ಗಳು ಕೂಳೆಗೆ ಬಡಿಯುತ್ತಲೇ ಇದ್ದವು. ಮೇನ್ ಗೇರ್ ಹಲ್ಲೆಲ್ಲ ಬಿಳಿ ಪುಡಿಯಾಗಿ ಉದುರಿತ್ತು, ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿ ಸುಟ್ಟ ವಾಸನೆ ಬೇರೆ. ಒಂದೇ ಸ್ವಿಚ್‌ಗೆ ಮೋಟಾರ್ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸೆಟ್ ಮಾಡೋಣ ಅಂದುಕೊಂಡೇ ಇದ್ದೆ, ಆದರೆ ಲ್ಯಾಪ್‌ಟಾಪ್ ಮನೆಯಲ್ಲಿತ್ತು.

ಅದಕ್ಕೇ ಹೇಳುವುದು, ಮೊದಲು ಹೋಲ್ಡ್ ಸ್ವಿಚ್ ನೋಡಿ. ಸ್ಟಿಕ್‌ನಿಂದ ಹೆಬ್ಬೆರಳು ತೆಗೆಯದೆ ಬೆರಳಿಗೆ ಸಿಗಬೇಕು. ಥ್ರಾಟಲ್, ಪಿಚ್ ಕರ್ವ್ (ಸ್ಟಿಕ್ ಎಲ್ಲಿದ್ದರೆ ಮೋಟಾರ್ ಎಷ್ಟು, ಬ್ಲೇಡ್ ಕೋನ ಎಷ್ಟು ಅನ್ನೋ ಸೆಟ್ಟಿಂಗ್) ಗದ್ದೆಯಲ್ಲೇ ನಿಂತು ಬದಲಾಯಿಸಲು ಬರಬೇಕು. ಫೇಲ್‌ಸೇಫ್‌ನಲ್ಲಿ, ಅಂದರೆ ಸಿಗ್ನಲ್ ತಪ್ಪಿದಾಗ, ಥ್ರಾಟಲ್ ಸೊನ್ನೆ ಆಗಬೇಕು. ಇದೆಲ್ಲ ಟೆಸ್ಟ್ ಮಾಡುವಾಗ ಮೋಟಾರ್ ವೈರ್ ಬಿಚ್ಚಿಡಿ, ಸುಮ್ನೆ ಧೈರ್ಯ ಮಾಡಬೇಡಿ.

ದುಡ್ಡು ಕಡಿಮೆ ಇದ್ದರೆ ಫ್ಲೈಸ್ಕೈ ಐ6 ಸಾಕು, ಹೆಲಿ ಮೋಡ್, ಹೋಲ್ಡ್, ಕರ್ವ್ ಎಲ್ಲ ಇದೆ. ಸ್ವಲ್ಪ ಜಾಸ್ತಿ ಹಾಕುವುದಾದರೆ ನನ್ನ ಓಟು ರೇಡಿಯೊಮಾಸ್ಟರ್ ಬಾಕ್ಸರ್‌ಗೆ. ಹಾಲ್ ಸೆನ್ಸರ್ ಗಿಂಬಲ್ (ಅಯಸ್ಕಾಂತದಿಂದ ಚಲನೆ ಅಳೆಯುವ ಸ್ಟಿಕ್ ಜೋಡಣೆ), ಸ್ಟಿಕ್ ನಯವಾಗಿದೆ. ಆದರೆ ಅದರಲ್ಲಿ ಹೋಲ್ಡ್ ನಾವೇ ಕೂತು ಮಾಡಿಕೊಳ್ಳಬೇಕು. ನಿಮ್ಮ ಹತ್ತಿರ ಸ್ಪೆಕ್ಟ್ರಮ್ ಅಥವಾ ಫ್ಲೈಸ್ಕೈ ರಿಸೀವರ್ (ಹೆಲಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಇದ್ದರೆ ಹಲವು ಕಂಪನಿಗಳ ರಿಸೀವರ್‌ಗೆ ಹೊಂದುವ 4-ಇನ್-1 ಮಾಡ್ಯೂಲ್ ಇರುವುದನ್ನೇ ತಗೊಳ್ಳಿ, ಇಎಲ್‌ಆರ್‌ಎಸ್ ಅನ್ನೋ ಬೇರೆ ಸಿಗ್ನಲ್ ಪದ್ಧತಿ ಮಾತ್ರ ಇರುವುದು ಅವುಗಳ ಜೊತೆ ಬೈಂಡ್ (ಜೋಡಿ) ಆಗುವುದಿಲ್ಲ. ಮೋಡ್ 1 (ಥ್ರಾಟಲ್ ಬಲಗಡೆ ಸ್ಟಿಕ್‌ನಲ್ಲಿ) ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಜೊತೆಗೆ ಹಾರಿಸುವವರೆಲ್ಲ ಮೋಡ್ 2 (ಎಡಗಡೆ) ಆದರೆ ನಿಮ್ಮ ಹೆಲಿ ಟ್ರಿಮ್ ಮಾಡಿಕೊಡುವವರು ಯಾರು?

ಹೆಲಿ ಫ್ಲೈಬಾರ್‌ಲೆಸ್ (ರೋಟರ್ ಮೇಲೆ ಅಡ್ಡಕಡ್ಡಿ ಬದಲು ಎಲೆಕ್ಟ್ರಾನಿಕ್ ಯೂನಿಟ್ ಇರುವಂಥದ್ದು) ಆದರೆ ರೇಡಿಯೊದಲ್ಲಿ 120 ಡಿಗ್ರಿ ಸ್ವಾಶ್ (ಬ್ಲೇಡ್ ಕೋನ ಬದಲಿಸುವ ಮೂರು ಸರ್ವೊಗಳನ್ನು ಒಟ್ಟಿಗೆ ಓಡಿಸುವ ಮಿಕ್ಸಿಂಗ್) ಹಾಕಬೇಡಿ. ಮಿಕ್ಸಿಂಗ್ ಆ ಯೂನಿಟ್ಟೇ ಮಾಡುತ್ತದೆ, ಎರಡೂ ಕಡೆ ಇದ್ದರೆ ಸರ್ವೊ ಯದ್ವಾತದ್ವಾ ಓಡುತ್ತದೆ.

ಇನ್ನೊಂದು, ನಮ್ಮ ಕಡಲ ಗಾಳಿ. ಮಳೆಗಾಲದಲ್ಲಿ ಹಾರಿಸದೆ ಇಟ್ಟರೆ ರೇಡಿಯೊದ ಸೆಲ್ ತೆಗೆದಿಡಿ, ಬ್ಯಾಟರಿ ಸ್ಪ್ರಿಂಗ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಪಣಂಬೂರು ಬೀಚಿಗೆ ಮಧ್ಯಾಹ್ನ ಹೋಗಬೇಡಿ, ಗಾಳಿ ಜೋರು, ಮರಳು ಬೇರಿಂಗ್ ಒಳಗೆ ಹೋಗುತ್ತದೆ. ನಿಮಗೆ ಬಜಪೆ ಏರ್‌ಪೋರ್ಟೂ ಹತ್ತಿರ ಅಲ್ವಾ, ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡಿಯೇ ಜಾಗ ಹುಡುಕಿ.

ಆರ್ಡರ್ ಮಾಡುವ ಮೊದಲು ನಿಮ್ಮ ರಿಸೀವರ್‌ನದೊಂದು ಫೋಟೊ ಇಲ್ಲಿ ಹಾಕಿ, ಹೊಂದುತ್ತದಾ ನೋಡಿ ಹೇಳುತ್ತೇನೆ.