ಮಣಿ ಎಷ್ಟು, ದಾರ ಯಾವುದು: ಜಪಸರ ಕಟ್ಟುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜಪಸರದ ಬಗ್ಗೆಯೇ ಇವೆ, ಅಂದರೆ ಕಥೋಲಿಕರು ಎಣಿಸುತ್ತಾ ಪ್ರಾರ್ಥಿಸುವ ಮಣಿಸರದ (ರೋಸರಿ) ಬಗ್ಗೆ. ಅಕ್ಟೋಬರ್ ಜಪಸರದ ತಿಂಗಳು, 7ಕ್ಕೆ ಜಪಸರ ಮಾತೆಯ ಹಬ್ಬ, ಅದಕ್ಕೇ ಇರಬೇಕು. ಧರ್ಮಕೇಂದ್ರದಲ್ಲಿ ಕೂತು ಬೇರೆಯವರಿಗಾಗಿ ಜಪಸರ ಕಟ್ಟಿಕೊಡುವ ತಂಡದವರೇ ಜಾಸ್ತಿ ಬರೆದಿದ್ದಾರೆ. ಒಂದೊಂದಾಗಿ ನೋಡೋಣ.

ಅಕ್ಕಾ, ಭಾನುವಾರದ ಪೂಜೆ ಮುಗಿದ ಮೇಲೆ ನಾವೊಂದಿಷ್ಟು ಜನ ಸೇರಿ ಜಪಸರ ಮಾಡುತ್ತೇವೆ. ಗಾಜಿನ ಮಣಿ, ಬೆಳ್ಳಿ ಬಣ್ಣದ ತಂತಿ, ಲೋಹದ ಶಿಲುಬೆ. ನೋಡೋಕೆ ತುಂಬಾ ಚೆನ್ನಾಗಿರುತ್ತವೆ. ಜೈಲಿನಲ್ಲಿರುವವರಿಗೆ ಕೊಡಿ ಅಂತ ಒಂದು ಡಬ್ಬಿ ತುಂಬಾ ಕಳಿಸಿದೆವು. ಹಾಗೇ ವಾಪಸ್ ಬಂತು. ಪ್ರಾರ್ಥನೆ ಮಾಡೋಕೂ ಬಿಡೋದಿಲ್ಲ ಅಂದರೆ ಹೇಗೆ?

ಬೇಜಾರಾಗುತ್ತೆ, ನಿಜ. ಆದರೆ ಅವರು ಹೆದರಿದ್ದು ತಂತಿಗೆ. ಜೈಲಿನಲ್ಲಿ ಲೋಹದ ತಂತಿ, ಚೂಪು ತುದಿಯ ಶಿಲುಬೆ, ಒಡೆದರೆ ಚೂರಾಗುವ ಗಾಜು, ಎಳೆದರೂ ಹರಿಯದ ಗಟ್ಟಿ ಸರ, ಇವೆಲ್ಲ ಅಪಾಯದ ಸಾಮಾನಿನ ಲೆಕ್ಕಕ್ಕೇ ಸೇರುತ್ತವೆ. ಕೆಲವು ಕಡೆ ಬಣ್ಣಕ್ಕೂ ನಿಯಮ ಇರುತ್ತದೆ, ಇಂಥ ಬಣ್ಣವೇ ಆಗಬೇಕು, ಇಂಥದ್ದು ಬೇಡವೇ ಬೇಡ ಅಂತ. ಹಾಗಾಗಿ ಮುಂದಿನ ಸಲ ಮಣಿ ತರುವ ಮೊದಲು ಅಲ್ಲಿಗೆ ಹೋಗಿ ಬರುವ ಫಾದರ್ ಅಥವಾ ಸಿಸ್ಟರ್ ಹತ್ತಿರ ಏನು ಒಳಗೆ ಬಿಡುತ್ತಾರೆ ಅಂತ ಕೇಳಿಬಿಡಿ. ಮಾಡಿ ಮುಗಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಸಾಮಾನ್ಯವಾಗಿ ಇಂಥ ಕಡೆಗೆ ಒಪ್ಪಿಗೆಯಾಗುವುದು ಪ್ಲಾಸ್ಟಿಕ್ ಮಣಿ, ಪ್ಲಾಸ್ಟಿಕ್ ಶಿಲುಬೆ, ತೆಳು ದಾರ. ಇಲ್ಲವೇ ಮಣಿಯೇ ಇಲ್ಲದ ಗಂಟಿನ ಜಪಸರ. ನನ್ನ ಕೇಳಿದರೆ ಗಂಟಿನದ್ದೇ ಮೇಲು. ತೋರುಬೆರಳಿಗೆ ನೈಲಾನ್ ದಾರವನ್ನು ಮೂರು ಸುತ್ತು ಸುತ್ತಿ, ತುದಿಯನ್ನು ಆ ಸುತ್ತುಗಳ ಒಳಗೆ ತೂರಿಸಿ, ಬೆರಳಿನಿಂದ ಮೆಲ್ಲಗೆ ಜಾರಿಸಿ ಎರಡೂ ಕಡೆ ಎಳೆದರೆ ಉದ್ದುದ್ದನೆಯ ಗುಂಡು ಗಂಟು ಬೀಳುತ್ತದೆ, ಅದು ಒಂದು ನಮೋ ಮರಿಯಾ, ಅಂದರೆ ಸಣ್ಣ ಮಣಿಗೊಂದರಂತೆ ಮರಿಯ ಮಾತೆಗೆ ಹೇಳುವ ಪ್ರಾರ್ಥನೆ. ದೊಡ್ಡ ಮಣಿಯ ಪ್ರಾರ್ಥನೆಯಾದ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ಗೆ ಒಂದು ಸುತ್ತು ಜಾಸ್ತಿ ಹಾಕಿ, ಕತ್ತಲಲ್ಲೂ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಪೂರ್ತಿ ಬಿಗಿಯುವ ಮೊದಲು ಗಂಟನ್ನು ಹಿಂದಿನ ಗಂಟಿನ ಪಕ್ಕಕ್ಕೆ ಸರಿಸಿಕೊಳ್ಳಿ. ಬಿಗಿದ ಮೇಲೆ ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಕೊನೆಯಲ್ಲಿ ಉಳಿದ ತುದಿಯನ್ನು ಕತ್ತರಿಸಿ ಬೆಂಕಿಗೆ ಸ್ವಲ್ಪ ತೋರಿಸಿದರೆ ನೈಲಾನ್ ಕರಗಿ ಮುಚ್ಚಿಕೊಳ್ಳುತ್ತದೆ. ಬಿಸಿ ಇರುವಾಗ ಬೆರಳಲ್ಲಿ ಒತ್ತಬೇಡಿ, ಸುಡುತ್ತದೆ. ಆರಿದ ಮೇಲೆ ಆ ತುದಿಯನ್ನು ಅಂಗೈಗೆ ಉಜ್ಜಿ ನೋಡಿ. ಚುಚ್ಚಿದರೆ ದಿನವೂ ಹಿಡಿಯುವವರಿಗೂ ಚುಚ್ಚುತ್ತದೆ ಅಲ್ವಾ? ಹತ್ತಿ ದಾರಕ್ಕೆ ಈ ಉಪಾಯ ನಡೆಯದು, ಅದು ಕರಗುವುದಿಲ್ಲ, ಉರಿದು ಹೋಗುತ್ತದೆ.

ವಾಪಸ್ ಬಂದ ಗಾಜಿನ ಜಪಸರಗಳನ್ನು ಬಿಚ್ಚಬೇಡಿ. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳಿದ್ದಾರಲ್ಲ, ಅವರಿಗೆ ಕೊಡಿ.

ನಾನು ತಂಡಕ್ಕೆ ಹೊಸಬಳು. ನನ್ನ ಲೆಕ್ಕ ಯಾವಾಗಲೂ ತಪ್ಪುತ್ತದೆ. ದೊಡ್ಡ ಮಣಿ ಒಂದು ಉಳಿಯುತ್ತೆ, ಇಲ್ಲ ಸಣ್ಣದು ಕಡಿಮೆ ಬೀಳುತ್ತೆ. ಮೊನ್ನೆ ಒಂದರಲ್ಲಿ ಹತ್ತರ ಬದಲು ಹನ್ನೊಂದು ಬಂದಿತ್ತು. ‘ಇರಲಿ ಬಿಡು, ದೇವರು ಲೆಕ್ಕ ಇಡ್ತಾನಾ’ ಅಂದರು. ಬಿಡಬಹುದಾ?

ಬಿಡಬೇಡಿ, ಬಿಚ್ಚಿ. ದೇವರು ಲೆಕ್ಕ ಇಡದೆ ಇರಬಹುದು, ಪ್ರಾರ್ಥಿಸುವವರು ಇಡುತ್ತಾರೆ. ಮಣಿ ಇರುವುದೇ ಲೆಕ್ಕವನ್ನು ಬೆರಳಿಗೆ ಬಿಟ್ಟು ಮನಸ್ಸನ್ನು ರಹಸ್ಯದ ಕಡೆ, ಅಂದರೆ ಆಗ ಧ್ಯಾನಿಸುವ ಯೇಸು, ಮರಿಯರ ಬದುಕಿನ ಘಟನೆಯ ಕಡೆ ತಿರುಗಿಸೋಕೆ. ಅಲ್ಲೇ ಎಡವಿದರೆ ‘ಒಂಬತ್ತಾಯ್ತಾ, ಹತ್ತಾಯ್ತಾ’ ಅನ್ನುವುದೇ ಧ್ಯಾನ ಆಗಿಬಿಡುತ್ತದೆ.

ಲೆಕ್ಕ ಹೀಗೆ. ಒಟ್ಟು 59 ಮಣಿ: ಸಣ್ಣವು 53, ದೊಡ್ಡವು 6. ಶಿಲುಬೆ ಆದ ಮೇಲೆ ಒಂದು ದೊಡ್ಡದು, ಮೂರು ಸಣ್ಣವು, ಮತ್ತೊಂದು ದೊಡ್ಡದು, ಆಮೇಲೆ ನಡುವಿನ ಪದಕ. ಅಲ್ಲಿಂದ ಹತ್ತರ ಐದು ಗುಂಪು, ಗುಂಪುಗಳ ಮಧ್ಯೆ ಒಂದೊಂದು ದೊಡ್ಡದು. ಐದು ಗುಂಪಿಗೆ ಮಧ್ಯದ ಜಾಗ ನಾಲ್ಕೇ. ಹೊಸಬರು ಎಡವುವುದು ಇಲ್ಲೇ, ಐದು ಗುಂಪಿಗೆ ಐದು ದೊಡ್ಡ ಮಣಿ ಅಂತ ಎತ್ತಿಟ್ಟುಕೊಂಡು ಕೂರುತ್ತಾರೆ. ಮೊದಲ ಗುಂಪಿನ ‘ಪರಲೋಕದಲ್ಲಿರುವ’ ಹೇಳುವುದು ಪದಕಕ್ಕೆ ಮುಂಚಿನ ಮಣಿಯಲ್ಲೇ, ಅದಕ್ಕೇ ನಾಲ್ಕು ಸಾಕು.

ಪೋಣಿಸುತ್ತಾ ಎಣಿಸಬೇಡಿ, ಮಾತಿನ ಮಧ್ಯೆ ತಪ್ಪೇ ತಪ್ಪುತ್ತದೆ. ಸಣ್ಣ ಬಟ್ಟಲುಗಳಲ್ಲಿ ಹತ್ತು ಹತ್ತು ಮೊದಲೇ ಎಣಿಸಿ ಇಟ್ಟುಕೊಳ್ಳಿ. ಬಟ್ಟಲು ಖಾಲಿಯಾದರೆ ಒಂದು ಗುಂಪು ಮುಗಿಯಿತು. ಕೊನೆಯ ಗಂಟು ಹಾಕುವ ಮುಂಚೆ ಪಕ್ಕದವರ ಕೈಗೆ ಕೊಡಿ, ಅವರು ಎಣಿಸಲಿ. ಕಟ್ಟಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ.

ಬೆಳಕಿನ ರಹಸ್ಯಗಳು ಸೇರಿದ ಮೇಲೆ ಜಪಸರದಲ್ಲಿ ಮಣಿ ಜಾಸ್ತಿ ಆಗಬೇಕಲ್ಲವಾ?

ಬೇಡ. 2002ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಯೇಸುವಿನ ಬಹಿರಂಗ ಬದುಕಿನ ಆ ಐದು ರಹಸ್ಯಗಳನ್ನು ಸೇರಿಸಿ ಗುರುವಾರಕ್ಕೆ ಸೂಚಿಸಿದರು. ಒಂದು ದಿನಕ್ಕೆ, ಹತ್ತರ ಗುಂಪಿಗೊಂದರಂತೆ, ಐದೇ ರಹಸ್ಯ ತೆಗೆದುಕೊಳ್ಳುವುದು ರೂಢಿ. ಸರ ಹಳೆಯದೇ.

ದಾರ, ಮಣಿಗೆ ನಮ್ಮ ಕೈಯಿಂದಲೇ ದುಡ್ಡು ಹಾಕುತ್ತಿದ್ದೇವೆ. ಫಾದರ್ ಹತ್ತಿರ ಆಶೀರ್ವಾದ ಮಾಡಿಸಿ ಮಾರಿದರೆ ಖರ್ಚಾದರೂ ಹುಟ್ಟುತ್ತದೆ ಅಂತ ಒಬ್ಬರ ಸಲಹೆ. ಸರಿಯಾ?

ಆ ಸಲಹೆ ತಲೆಕೆಳಗಾಗಿದೆ. ಆಶೀರ್ವಾದಕ್ಕೆ ಬೆಲೆ ಕಟ್ಟಿದ ಹಾಗಾಗುತ್ತದೆ, ಅದನ್ನು ಧರ್ಮಸಭೆ ಒಪ್ಪುವುದಿಲ್ಲ. ಇನ್ನೂ ಒಂದು ಇದೆ: ಆಶೀರ್ವದಿಸಿದ ಜಪಸರದ ಜೊತೆ ಬರುವ ಇಂಡಲ್ಜೆನ್ಸ್ (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯಿಂದ ಧರ್ಮಸಭೆ ಕೊಡುವ ವಿನಾಯಿತಿ), ಆ ಜಪಸರವನ್ನು ಮಾರಿದರೆ ಅಥವಾ ಅದು ನಾಶವಾದರೆ ಹೋಗುತ್ತದೆ ಅಂತ ನಿಯಮವೇ ಹೇಳುತ್ತದೆ. ಮಾರಲೇಬೇಕಾದರೆ ಆಶೀರ್ವಾದಕ್ಕೆ ಮೊದಲು, ಸಾಮಾನಿನ ಖರ್ಚಿಗೆ ಅಂತ ಹೇಳಿಯೇ ಮಾರಿ. ತೆಗೆದುಕೊಂಡವರು ತಮ್ಮ ಗುರುಗಳ ಹತ್ತಿರ ಆಶೀರ್ವಾದ ಮಾಡಿಸಿಕೊಳ್ಳಲಿ, ಯಾವ ಗುರುಗಳಾದರೂ, ಅವರಿಗಿಂತ ಒಂದು ಹಂತ ಕೆಳಗಿನ ಡೀಕನ್ ಆದರೂ ಮಾಡುತ್ತಾರೆ. ಸುಮ್ನೆ ಕೊಡುವ ಜಪಸರಗಳನ್ನು ಮಾತ್ರ ಒಟ್ಟಿಗೆ ಆಶೀರ್ವಾದ ಮಾಡಿಸಿಯೇ ಕಳಿಸಿ. ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿರುವವರು ಅದಕ್ಕಾಗಿ ಗುರುಗಳನ್ನು ಹುಡುಕಿಕೊಂಡು ಹೋಗೋಕೆ ಆಗುತ್ತಾ? ಅಂದ ಹಾಗೆ, ಆಶೀರ್ವಾದ ಆಗದ ಜಪಸರ ಹಿಡಿದು ಪ್ರಾರ್ಥಿಸಿದರೂ ಅದು ಪ್ರಾರ್ಥನೆಯೇ. ಇದರ ಬಗ್ಗೆ ಯಾರಿಗೂ ಭಯ ಹುಟ್ಟಿಸಬೇಡಿ.

ನಮ್ಮಲ್ಲಿ ಇಬ್ಬರು ಮಣಿ ಪೋಣಿಸುವಾಗ ಮಾತೇ ಆಡಬಾರದು, ಪ್ರಾರ್ಥನೆ ಮಾತ್ರ ಅಂತಾರೆ. ಉಳಿದವರು ಬರುವುದನ್ನೇ ಬಿಡುತ್ತಿದ್ದಾರೆ.

ಶುರುವಿನಲ್ಲಿ ಜಪಸರದ ಒಂದು ಹತ್ತು ಹೇಳಿ, ಆಮೇಲೆ ಮಾತಾಡಲಿ ಬಿಡಿ. ತಂಡಕ್ಕೆ ಬರುವ ಎಷ್ಟೋ ಜನರಿಗೆ ವಾರದಲ್ಲಿ ಮನಸ್ಸು ಬಿಚ್ಚಿ ಮಾತಾಡುವ ಜಾಗ ಅದೊಂದೇ ಇರುತ್ತದೆ. ಮೌನ ಬೇಕು ಅನ್ನುವವರಿಗೆ ಬೇರೆ ದಿನ ಕೊಡಿ. ನಿಯಮ ಹಾಕಿ ಕೈ ಕಡಿಮೆ ಮಾಡಿಕೊಂಡರೆ ನಷ್ಟ ಜಪಸರಕ್ಕಾಗಿ ಕಾಯುತ್ತಿರುವವರಿಗೆ.

ವೃದ್ಧಾಶ್ರಮಕ್ಕೆ ಕೊಟ್ಟ ಜಪಸರಗಳು ಮೂಲೆಯಲ್ಲಿ ಬಿದ್ದಿವೆ. ಭಕ್ತಿ ಇಲ್ಲ ಅನ್ನೋಣ ಅಂದರೆ ಅವರೆಲ್ಲ ದಿನವೂ ಪ್ರಾರ್ಥನೆ ಮಾಡುವವರೇ.

ಮಣಿ ಎಷ್ಟು ದಪ್ಪ ಇತ್ತು ನೋಡಿದಿರಾ? ಬೆರಳು ನಡುಗುವವರಿಗೆ, ಸಂಧಿವಾತ ಇರುವವರಿಗೆ ಸಣ್ಣ ಗಾಜಿನ ಮಣಿ ಹಿಡಿಯೋಕೇ ಸಿಗುವುದಿಲ್ಲ, ಜಾರುತ್ತದೆ. ದಪ್ಪ ಮರದ ಮಣಿ ಹಾಕಿ, ಮಣಿಗಳ ಮಧ್ಯೆ ಒಂದಿಷ್ಟು ದಾರ ಬಿಡಿ, ಆಗ ಒಂದು ಮಣಿ ದಾಟಿದ್ದು ಬೆರಳಿಗೆ ತಿಳಿಯುತ್ತದೆ. ಕಣ್ಣು ಮಂಜಾದವರಿಗೆ ದೊಡ್ಡ ಮಣಿ ಗಾತ್ರದಲ್ಲೇ ಬೇರೆ ಇರಲಿ, ಬಣ್ಣ ಬೇರೆ ಮಾಡಿ ಉಪಯೋಗವಿಲ್ಲ. ಹಾಸಿಗೆಯಲ್ಲೇ ಇರುವವರಿಗೆ ಉದ್ದ ಸರ ಹೊದಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ಹತ್ತೇ ಮಣಿಯ ಗಿಡ್ಡ ಸರ ಮಾಡಿಕೊಡಿ, ಅದನ್ನೇ ಐದು ಸಲ ತಿರುಗಿಸಿದರೆ ಆಯಿತು. ಆಸ್ಪತ್ರೆಗಾದರೆ ಲೋಹ ಬೇಡವೇ ಬೇಡ, ಎಂಆರ್‌ಐ ಕೋಣೆಗೆ ಹೋಗುವಾಗ ಅದನ್ನು ಕೈಯಿಂದ ತೆಗೆಸುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮಣಿಯ ಸರ ಕೊಡಬೇಡಿ, ಹರಿದರೆ ಬಾಯಿಗೆ ಹೋಗುತ್ತದೆ.

ತುಂಡಾದ ಹಳೆಯ ಜಪಸರಗಳನ್ನು ಜನ ನಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಏನು ಮಾಡೋದು?

ಕೊಂಡಿ ಮಾತ್ರ ಬಿಚ್ಚಿಕೊಂಡಿದ್ದರೆ ರಿಪೇರಿ ಮಾಡಿ ಕೊಟ್ಟುಬಿಡಿ. ತಂತಿ ಉಂಗುರವನ್ನು ಇಕ್ಕಳದಲ್ಲಿ ಅಗಲಿಸಬೇಡಿ, ಆಕಾರ ಕೆಟ್ಟರೆ ಮತ್ತೆ ಕೂಡುವುದಿಲ್ಲ. ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆಚೆ ಕಡೆಗೆ ತಿರುಚಿ ಬಿಚ್ಚಿ, ಹಾಗೇ ತಿರುಚಿ ಮುಚ್ಚಿ. ಸತ್ತವರ ಜಪಸರ ಅಂತ ಯಾರಾದರೂ ತಂದರೆ ಮಣಿ ಬದಲಾಯಿಸಬೇಡಿ, ಹೊಳಪು ಹೋಗಿದ್ದರೂ ಅವರಿಗೆ ಅದೇ ಬೇಕು. ಪೂರ್ತಿ ಹಾಳಾದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ. ಆಶೀರ್ವದಿಸಿದ ವಸ್ತುಗಳನ್ನು ಸುಡುವುದು ಅಥವಾ ಮಣ್ಣಲ್ಲಿ ಹೂಳುವುದು ಪದ್ಧತಿ. ಮೇಜಿನ ಪಕ್ಕ ಒಂದು ಡಬ್ಬಿ ಇಟ್ಟು ‘ಹಳೆಯ ಜಪಸರ’ ಅಂತ ಬರೆದು ಅಂಟಿಸಿ, ಜೊತೆಗೆ ಒಂದು ಚೀಟಿ ಪುಸ್ತಕ ಇಡಿ. ರಿಪೇರಿ ಆಗಿ ವಾಪಸ್ ಬೇಕು ಅನ್ನುವವರು ಹೆಸರು ಬರೆದು ಹೋಗಲಿ.