ಸಂಪಾದಕರ ಉತ್ತರ: ‘ಮರ್ಡರ್‌ಹೋಬೋ’ ಅಂತ ಹೆಸರಿಟ್ಟ ಮೇಲೆ ಆಟಕ್ಕೆ ಬರೋದು ಬಿಟ್ಟವರ ಬಗ್ಗೆ

ಬೆಂಗಳೂರಿನ ವಿಜಯನಗರದಿಂದ ಬರೆದಿರೋ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಇಲ್ಲ, ಅದಕ್ಕೆ ಬೇರೆ ಓದುಗರಿಗೋಸ್ಕರ ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ. ಭಾನುವಾರ ಮಧ್ಯಾಹ್ನ ನಿಮ್ಮ ಮನೇಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡಿಯತ್ತೆ, ಅಂದ್ರೆ ಒಬ್ಬೊಬ್ರು ಒಂದೊಂದು ಕ್ಯಾರೆಕ್ಟರ್ ಆಗಿ, ಡೈಸ್ ಹಾಕ್ತಾ ಕಥೆ ಕಟ್ಕೊಂಡು ಆಡೋ ಆಟ. ಐದನೇ ಎಡಿಷನ್, ನೀವೇ ಡಿಎಂ, ಅಂದ್ರೆ ಕಥೆ ನಡೆಸೋರು, ರಾಕ್ಷಸರನ್ನ ಆಡಿಸೋರು. ಆಟಗಾರರಲ್ಲಿ ಒಬ್ರು ನಿಮ್ಮ ಆಫೀಸಿನವರು, ಹಾಸನದ ಕಡೆಯವರು, ಈ ಆಟಕ್ಕೆ ಹೊಸಬರು. ಎದುರಿಗೆ ಯಾರು ಬಂದ್ರೂ ಮಾತಿಲ್ಲ ಕತೆಯಿಲ್ಲ, ಸೀದಾ ಕೊಡಲಿ ಎತ್ತೋದು. ಉಳಿದವರು ಅವರಿಗೆ ‘ಮರ್ಡರ್‌ಹೋಬೋ’ (ಕೊಲ್ತಾ ತಿರುಗೋ ಅಲೆಮಾರಿ) ಅಂತ ಹೆಸರಿಟ್ರು, ವಾಟ್ಸಾಪ್ ಗ್ರೂಪಲ್ಲಿ ಅದರದ್ದೇ ಸ್ಟಿಕರ್ ಮಾಡ್ಕೊಂಡ್ರು, ಈಗ ಅವರು ಬರ್ತಿಲ್ಲ. ಕರೆದ್ರೆ ‘ಮನೇಲಿ ಸ್ವಲ್ಪ ಕೆಲಸ ಇದೆ’ ಅಂತಾರೆ. ಉಳಿದವರನ್ನ ಕೇಳಿದ್ರೆ ‘ತಮಾಷೆಗಪ್ಪ, ಎಲ್ಲಾ ಕಡೆ ಹಿಂಗೇ ಅಂತಾರೆ’ ಅಂತಾರೆ. ಇಂಥ ಪದ ಬಳಸೋದು ತಪ್ಪಾ ಅಂತ ಕೇಳಿದೀರಿ, ಜೊತೆಗೆ ಹೊಸಬರಿಗೆ ಅನುಕೂಲ ಆಗ್ಲಿ, ಇಂಥ ಎಲ್ಲಾ ಪದಗಳದ್ದೂ ಒಂದು ಪಟ್ಟಿ ಕೊಡಿ ಅಂತ ಕೇಳಿದೀರಿ.

ಪಟ್ಟಿ ಕೊಡಲ್ಲ, ದಯವಿಟ್ಟು ಬೇಜಾರಾಗಬೇಡಿ. ಆ ಪಟ್ಟಿ ಓದ್ಕೊಂಡು ಟೇಬಲ್‌ಗೆ ಬಂದ ಹೊಸಬರು ಡೈಸ್ ಕೈಗೆ ತಗೊಳ್ಳೋ ಮುಂಚೆನೇ ‘ಇವರು ನನ್ನನ್ನ ಯಾವುದಕ್ಕೆ ಸೇರಿಸ್ತಾರೋ’ ಅಂತ ಲೆಕ್ಕ ಹಾಕ್ತಾ ಕೂರ್ತಾರೆ, ಹಂಗೆ ಕೂತವರಿಗೆ ಆಟ ಹತ್ತಲ್ಲ. ಆದ್ರೆ ನಿಮ್ಮ ಟೇಬಲ್ಲಲ್ಲಿ ಓಡಾಡ್ತಿರೋ ಪದಗಳ ಬಗ್ಗೆ ವಿವರವಾಗೇ ಬರೀತೀನಿ, ಯಾಕಂದ್ರೆ ಈ ಪದಗಳು ಎರಡು ಕಡೆ ಕೆಟ್ಟದ್ದು ಮಾಡ್ತಿವೆ ಅನ್ನೋದು ನನ್ನ ಅಭಿಪ್ರಾಯ. ತಪ್ಪೇ ಮಾಡದಿರೋರ ತಲೆ ಮೇಲೆ ತಪ್ಪು ಹೊರಿಸ್ತವೆ, ನಿಜವಾಗಿ ತಪ್ಪು ಮಾಡಿದೋರನ್ನ ‘ಅವನ ಸ್ಟೈಲೇ ಅದು’ ಅಂತ ಬಚಾವ್ ಮಾಡ್ತವೆ.

ಮೊದಲು ನಿಮ್ಮ ಹಾಸನದ ಗೆಳೆಯರ ವಿಷಯ. ಮನೆ ಇಲ್ಲ, ಮಠ ಇಲ್ಲ, ನೆಂಟರಿಷ್ಟರು ಅಂತ ಯಾರೂ ಇಲ್ಲ, ಊರೂರು ತಿರುಗ್ತಾ ಕೊಲ್ಲೋದು, ಹೆಣದ ಜೇಬು ತಡಕೋದು, ಮುಂದಿನ ಊರಿಗೆ ಹೋಗೋದು, ಈ ಥರ ಕ್ಯಾರೆಕ್ಟರ್ ಆಡೋರಿಗೆ ಮರ್ಡರ್‌ಹೋಬೋ ಅಂತಾರೆ. ಸರಿ, ಅವರು ಯಾಕೆ ಹಂಗಾಡ್ತಿದಾರೆ ಅಂತ ಯಾರಾದ್ರೂ ಕೇಳಿದ್ರಾ? ನಿಮ್ಮ ರೂಲ್‌ಬುಕ್ಕೇ ತೆಗೆದು ನೋಡಿ. ಗಾಬ್ಲಿನ್ ಅನ್ನೋ ಒಂದು ಪುಟ್ಟ ರಾಕ್ಷಸನ್ನ ಕೊಂದ್ರೆ 50 ಎಕ್ಸ್‌ಪಿ, ಅಂದ್ರೆ ಅನುಭವದ ಅಂಕ. ಎರಡನೇ ಲೆವೆಲ್‌ಗೆ ಹೋಗೋಕೆ ತಲಾ 300 ಬೇಕು. ನಾಲ್ಕು ಜನ ಹಂಚ್ಕೊಂಡ್ರೆ 24 ಗಾಬ್ಲಿನ್ ಆಗ್ಬೇಕು. ಮಾತಾಡಿ ರಾಜಿ ಮಾಡ್ಕೊಂಡ್ರೂ ಎಕ್ಸ್‌ಪಿ ಕೊಡಬಹುದು ಅನ್ನೋದು ಡಿಎಂ ಪುಸ್ತಕ ಓದಿರೋ ನಿಮಗೆ ಗೊತ್ತು, ಆಟಗಾರರ ಪುಸ್ತಕದಲ್ಲಿ ಆಯುಧ, ಡ್ಯಾಮೇಜು, ಯುದ್ಧದ ಸ್ಪೆಲ್ಲುಗಳನ್ನೇ ಪುಟಗಟ್ಟಲೆ ಓದಿರೋ ಹೊಸಬರಿಗೆ ಅದು ಹೆಂಗೆ ಗೊತ್ತಾಗ್ಬೇಕು? ಅವರು ನಿಯಮ ಏನು ಕೊಡತ್ತೋ ಅದನ್ನ ಮಾಡಿದಾರೆ. ಚೆನ್ನಾಗೇ ಅರ್ಥ ಮಾಡ್ಕೊಂಡಿದಾರೆ ಅಂತಲೂ ಹೇಳ್ಬೇಕು.

ಹಳೇ ನಿಯಮಗಳು ಹಿಂಗಿರ್ಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ತಂದಾಗ ಒಂದು ಚಿನ್ನದ ನಾಣ್ಯ ಹೊತ್ತು ತಂದ್ರೆ ಒಂದು ಎಕ್ಸ್‌ಪಿ ಅನ್ನೋ ಲೆಕ್ಕ ಇತ್ತು, ಮುಂದೆ ರಾಕ್ಷಸರನ್ನ ಕೊಂದಿದ್ದಕ್ಕೆ ಸಿಗೋ ಎಕ್ಸ್‌ಪಿ ಇನ್ನೂ ಕಮ್ಮಿ ಮಾಡಿದ್ರು, ಹಾಗಾಗಿ ಆಗಿನ ಜಾಣ ಆಟಗಾರರು ಕಾಳಗ ತಪ್ಪಿಸ್ಕೊಂಡು, ಕದ್ದು, ಪುಸಲಾಯಿಸಿ, ನಿಧಿ ಎತ್ಕೊಂಡು ಓಡ್ತಿದ್ರು. 1981ರ ಬೇಸಿಕ್ ನಿಯಮಗಳಲ್ಲಿ ಇನ್ನೂ ಎರಡು ಒಳ್ಳೇ ವಿಷಯ ಇದ್ವು. ರಾಕ್ಷಸರು ಎದುರಾದ ತಕ್ಷಣ ಡಿಎಂ ಎರಡು ಡೈಸ್ ಹಾಕಿ ಅವರ ಮನಸ್ಥಿತಿ ನೋಡ್ತಿದ್ರು, ಎಷ್ಟೋ ಸಲ ಅವರು ಮೇಲೆ ಬೀಳ್ತಾನೇ ಇರ್ಲಿಲ್ಲ. ಇನ್ನೊಂದು ಮೊರೇಲ್, ಅಂದ್ರೆ ಜೊತೆಯವರು ಸತ್ತಾಗ ಉಳಿದವರು ಓಡ್ತಾರಾ, ಶರಣಾಗ್ತಾರಾ ಅಂತ ನೋಡೋದು. 1989ರ ಎರಡನೇ ಎಡಿಷನ್ ಬರೋ ಹೊತ್ತಿಗೆ ಚಿನ್ನಕ್ಕೆ ಎಕ್ಸ್‌ಪಿ ಅನ್ನೋದು ಬೇಕಾದ್ರೆ ಇಟ್ಕೊಳ್ಳಿ ಅನ್ನೋ ಹಂಗಾಯ್ತು. ನಿಮ್ಮ ಟೇಬಲ್ಲಲ್ಲಿ ಗಾಬ್ಲಿನ್ ಯಾವತ್ತಾದ್ರೂ ಶರಣಾಗಿದೆಯಾ? ಕೊನೇ ಉಸಿರಿನವರೆಗೂ ಹೊಡೆದಾಡೋ ಗಾಬ್ಲಿನ್‌ಗಳನ್ನೇ ಸೆಷನ್ ಸೆಷನ್‌ಗೂ ನಿಲ್ಲಿಸಿ ಆಮೇಲೆ ‘ಇವರಿಗೆ ಹೊಡೆಯೋದು ಬಿಟ್ಟು ಬೇರೆ ಏನೂ ಬರಲ್ಲ’ ಅಂದ್ರೆ ಅದು ನ್ಯಾಯ ಅಲ್ಲ.

ಇನ್ನು ಮನೆ-ಮಠ ಇಲ್ಲದ ಕ್ಯಾರೆಕ್ಟರ್. ಅದಕ್ಕೂ ಹೆಚ್ಚಾಗಿ ನಾವು ಡಿಎಂಗಳೇ ಕಾರಣ ಅಂತೀನಿ. ಆಟಗಾರರು ತಮ್ಮ ಕ್ಯಾರೆಕ್ಟರ್‌ಗೆ ಪ್ರೀತಿಯಿಂದ ಒಬ್ಬ ತಂಗೀನ ಬರ್ಕೊಂಡು ಬಂದ್ರೆ ಮೂರನೇ ಸೆಷನ್‌ಗೆ ಅವಳ ಅಪಹರಣ, ಅಪ್ಪನ್ನ ಬರ್ಕೊಂಡು ಬಂದ್ರೆ ಅವನ ಕೊಲೆ. ಎರಡು ಸಲ ಹಿಂಗಾದ್ರೆ ಮೂರನೇ ಕ್ಯಾರೆಕ್ಟರ್ ಅನಾಥನೇ ಆಗಿರ್ತಾನೆ. ಹೊಸಬರು ಹಳಬರನ್ನ ನೋಡೇ ಇದನ್ನ ಕಲಿತಾರೆ. ಯಾರೂ ಕೈ ಹಾಕದ ಒಂದು ಮನೆ ಕೊಡಿ ಅವರ ಕ್ಯಾರೆಕ್ಟರ್‌ಗೆ, ಸಾಯಂಕಾಲ ಹೋಗಿ ಊಟ ಮಾಡೋಕೆ ಒಂದು ಜಾಗ, ಆಮೇಲೆ ನೋಡಿ ಆ ಊರಿನ ಜನರ ಜೊತೆ ಅವರು ಹೆಂಗೆ ನಡ್ಕೋತಾರೆ ಅಂತ.

‘ಮಂಚ್ಕಿನ್’ ಅನ್ನೋದನ್ನೂ ನಿಮ್ಮ ಗುಂಪಲ್ಲಿ ಬಳಸ್ತಾರೆ ಅಂತ ಬರೆದಿದೀರಿ. ಫ್ರ್ಯಾಂಕ್ ಬಾಮ್ ಅವರ 1900ರ ಮಕ್ಕಳ ಕಥೇಲಿ ಬರೋ ಕುಳ್ಳ ಜನರ ಹೆಸರು ಅದು. ಆಟಕ್ಕೆ ಬಂದ ಚಿಕ್ಕ ಹುಡುಗರನ್ನ ದೊಡ್ಡವರು ಹಂಗೆ ಕರೀತಿದ್ರು, ಆಮೇಲೆ ಹೆಂಗಾದ್ರೂ ಮಾಡಿ ತಾನೇ ಗೆಲ್ಲಬೇಕು ಅನ್ನೋರಿಗೆಲ್ಲ ಅಂಟ್ಕೊಳ್ತು. 2001ರಲ್ಲಿ ಸ್ಟೀವ್ ಜ್ಯಾಕ್ಸನ್ ಗೇಮ್ಸ್ ಅದೇ ಹೆಸರಲ್ಲಿ ಕಾರ್ಡ್ ಗೇಮ್ ತಂದು ಎಲ್ಲಾ ಕಡೆ ಹರಡ್ತು. ಆದ್ರೆ ನಿಮ್ಮ ಗುಂಪಲ್ಲಿ ಈ ಪದ ಬಿದ್ದಿರೋದು ಯಾರ ಮೇಲೆ? ಕ್ಯಾರೆಕ್ಟರ್‌ನ ಗುಣಗಳಿಗೆ ಅಂತ ಕೊಡೋ 27 ಪಾಯಿಂಟ್‌ನ ಯೋಚನೆ ಮಾಡಿ ಹಂಚ್ಕೊಂಡು, ಸ್ಟ್ರೆಂತ್ (ಮೈ ಬಲ) 15 ಮಾಡಿ, ಕರಿಸ್ಮಾನ (ಜನರನ್ನ ಸೆಳೆಯೋ ಶಕ್ತಿ) ಎಂಟಕ್ಕೆ ಬಿಟ್ಟವರ ಮೇಲೆ. ಅದರಲ್ಲಿ ಏನು ಮೋಸ ಇದೆ? ಪಾಯಿಂಟ್ ಕೊಟ್ಟಿರೋದೇ ಹಂಚ್ಕೊಳ್ಳೋಕೆ. ಕರಿಸ್ಮಾ ಎಂಟು ಇರೋ ಆ ಯೋಧ ಒಬ್ಬ ಸಾಹುಕಾರನ ಮುಂದೆ ನಿಂತು ತಡವರಿಸಿದ್ರೆ ಅದೂ ಒಳ್ಳೇ ಪಾತ್ರವೇ. ಬಿಲ್ಡ್ (ಕ್ಯಾರೆಕ್ಟರ್ ಕಟ್ಟೋ ಲೆಕ್ಕಾಚಾರ) ಚೆನ್ನಾಗಿದ್ರೆ ಅಭಿನಯ ಕೆಟ್ಟದಾಗೇ ಇರತ್ತೆ ಅಂದ್ಕೊಳ್ಳೋ ತಪ್ಪಿಗೆ ‘ಸ್ಟಾರ್ಮ್‌ವಿಂಡ್ ಫ್ಯಾಲಸಿ’ ಅಂತ ಆಟಗಾರರೇ ಹೆಸರಿಟ್ಟು ಎಷ್ಟೋ ವರ್ಷ ಆಯ್ತು, ಆದ್ರೂ ಬೈಯೋದು ನಿಂತಿಲ್ಲ.

‘ರೂಲ್ಸ್ ಲಾಯರ್’, ಅಂದ್ರೆ ಮಾತುಮಾತಿಗೂ ನಿಯಮ ಎತ್ತಿ ವಾದ ಮಾಡೋರು, ಅವರ ವಿಷಯ ಬೇಗ ಮುಗಿಸ್ತೀನಿ. ನಿಮ್ಮ ಟೇಬಲ್ಲಿನ ಲಾಯರ್ ತನಗೆ ನಷ್ಟ ಆಗೋ ನಿಯಮಾನೂ ನೆನಪಿಸ್ತಾರಾ ಅಂತ ಗಮನಿಸಿ. ನೆನಪಿಸಿದ್ರೆ ಅವರು ನಿಮಗೆ ದೊಡ್ಡ ಸಹಾಯ, ಅವರನ್ನ ಕಳ್ಕೋಬೇಡಿ.

ಬೆಂಗಳೂರಿನವರಾಗಿ ನಾವು ಸ್ವಲ್ಪ ಜಾಸ್ತಿ ಯೋಚನೆ ಮಾಡ್ಬೇಕಾಗಿರೋ ಪದ ‘ರೋಲ್‌ಪ್ಲೇಯರ್’ (ಪಾತ್ರ ಅನ್ನೋ role ಅಲ್ಲ, ಉರುಳಿಸೋ roll), ಅಂದ್ರೆ ಪಾತ್ರ ಆಡಲ್ಲ, ಬರೀ ಡೈಸ್ ಉರುಳಿಸ್ತಾನೆ ಅನ್ನೋ ಅರ್ಥದ ಚುಚ್ಚು. ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ಆಟ ನಡಿಯೋದು ಇಂಗ್ಲಿಷಲ್ಲಿ, ಅದೂ ನಾಟಕೀಯ ಇಂಗ್ಲಿಷಲ್ಲಿ. ಆಫೀಸ್ ಮೀಟಿಂಗಲ್ಲಿ ಆರಾಮಾಗಿ ಇಂಗ್ಲಿಷ್ ಮಾತಾಡೋರಿಗೂ ಒಬ್ಬ ಮುದುಕಿ ಮಾಟಗಾತಿ ಥರ, ಒಬ್ಬ ಜಂಬದ ರಾಜಕುಮಾರನ ಥರ ಥಟ್ ಅಂತ ಇಂಗ್ಲಿಷಲ್ಲಿ ಮಾತು ಹುಟ್ಟಲ್ಲ. ಹಂಗಾಗಿ ಸುಮ್ನೆ ಕೂತು ತಮ್ಮ ಸರದಿ ಬಂದಾಗ ‘ಐ ಅಟ್ಯಾಕ್’ ಅಂತಾರೆ, ಟೇಬಲ್ಲಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೋ ಹಂಗಾಗ್ತಾರೆ. ಅದೇ ಜನ ಕನ್ನಡದಲ್ಲಿ ಶುರು ಮಾಡಿದ್ರೆ ಸಂತೇಲಿ ಚೌಕಾಸಿ ಮಾಡೋದೇನು, ಊರ ಗೌಡನ್ನ ಒಪ್ಪಿಸೋದೇನು, ಕೇಳ್ತಾ ಕೂರಬೇಕು ಅನ್ಸತ್ತೆ, ನಾನು ಎಷ್ಟೋ ಟೇಬಲ್ಲಲ್ಲಿ ನೋಡಿದೀನಿ. ನಿಮ್ಮ ಹಾಸನದ ಗೆಳೆಯರು ಕೊಡಲಿ ಎತ್ತೋಕೆ ಇದೂ ಒಂದು ಕಾರಣ ಇರಬಹುದಾ? ನಿಮ್ಮ ಟೇಬಲ್ ಯಾವ ಭಾಷೇಲಿ ನಡಿಯತ್ತೆ ಅಂತ ನೀವು ಬರೆದಿಲ್ಲ. ಇನ್ನೊಂದು, ‘ನನ್ನ ಕ್ಯಾರೆಕ್ಟರ್ ಹೋಗಿ ಅವಳನ್ನ ಸಮಾಧಾನ ಮಾಡ್ತಾನೆ’ ಅಂತ ಹೇಳೋದೂ ಪಾತ್ರ ಆಡೋದೇ, ದನಿ ಬದಲಾಯಿಸ್ಲೇಬೇಕು ಅನ್ನೋ ನಿಯಮ ಎಲ್ಲೂ ಇಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬಂದಿದ್ದು ನಿಮ್ಮ ಪತ್ರದ ಕೊನೇಲಿ ನೀವು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿರೋ ವಿಷಯಕ್ಕೆ. ನಿಮ್ಮ ಇನ್ನೊಬ್ಬ ಹಳೇ ಆಟಗಾರ ಆಟದಲ್ಲಿ ಜೊತೆಯವರ ಪೋಶನ್ (ಮಾಯದ ಮದ್ದು) ಕದೀತಾನೆ, ಒಬ್ಬ ಹುಡುಗಿ ಬೇಡ ಬೇಡ ಅಂದ್ರೂ ಅವಳ ಕ್ಯಾರೆಕ್ಟರ್‌ನ ಕೆಣಕ್ತಾನೆ, ಕೇಳಿದ್ರೆ ‘ನನ್ನ ಕ್ಯಾರೆಕ್ಟರ್ ಹಂಗೇ, ಕೇಯಾಟಿಕ್’ (ಯಾವ ಕಟ್ಟುಪಾಡಿಗೂ ಸಿಗದವನು) ಅಂತಾನೆ, ಅವನಿಗೆ ನೀವೆಲ್ಲ ಸೇರಿ ‘ಎಡ್ಜ್‌ಲಾರ್ಡ್’ (ಬೇಕಂತಲೇ ಕರಾಳವಾಗಿ ಆಡಿ ಮೆರೆಯೋನು) ಅಂತ ಹೆಸರಿಟ್ಟು ನಕ್ಕು ಬಿಟ್ಟಿದೀರಿ. ಆ ಹೆಸರು ಅವನಿಗೆ ಶಿಕ್ಷೆ ಅಲ್ಲ, ಪರವಾನಗಿ. ಗಾಬ್ಲಿನ್ ಕೊಂದವರು ಮನೆ ಸೇರ್ಕೊಂಡ್ರು, ಎದುರಿಗೆ ಕೂತಿರೋ ಮನುಷ್ಯರಿಗೆ ತೊಂದರೆ ಕೊಡ್ತಿರೋನು ಇನ್ನೂ ಪ್ರತಿ ಭಾನುವಾರ ಬರ್ತಿದಾನೆ. ಅವನ ಕ್ಯಾರೆಕ್ಟರ್‌ನ ಬರೆದಿದ್ದು ಅವನೇ, ಬದಲಾಯಿಸೋಕೂ ಅವನಿಗೇ ಆಗತ್ತೆ. ಅವನಿಗೆ ಯಾವ ಇಂಗ್ಲಿಷ್ ಅಡ್ಡಹೆಸರೂ ಬೇಡ, ಆಟ ಶುರು ಆಗೋ ಮುಂಚೆ ಪಕ್ಕಕ್ಕೆ ಕರೆದು ‘ನೀನು ಅವಳಿಗೆ ಹಿಂಸೆ ಕೊಡ್ತಿದೀಯ, ನಿಲ್ಲಿಸು, ಇಲ್ಲಾಂದ್ರೆ ಬರಬೇಡ’ ಅಂತ ಹೇಳಿ. ಡೈಸ್ ಸುಳ್ಳು ಹೇಳೋರಿಗೂ ಅಷ್ಟೇ, ಅದು ಮೋಸ, ಮೋಸ ಅಂತಲೇ ಹೇಳಿ.

ಹಂಗಾದ್ರೆ ಆಟಗಾರರ ಅಭಿರುಚಿ ಬಗ್ಗೆ ಮಾತೇ ಆಡಬಾರದಾ ಅಂತ ನೀವು ಕೇಳಬಹುದು. ಆಡಿ. 1980ರಲ್ಲೇ ಗ್ಲೆನ್ ಬ್ಲಾಕೋ ಅನ್ನೋರು ಡಿಫರೆಂಟ್ ವರ್ಲ್ಡ್ಸ್ ಪತ್ರಿಕೇಲಿ ಈ ಆಟದಲ್ಲಿ ನಾಲ್ಕು ಥರದ ಒಲವು ಇರತ್ತೆ ಅಂತ ಬರೆದಿದ್ರು: ಶಕ್ತಿ ಬೆಳೆಸೋದು, ಪಾತ್ರ ಆಡೋದು, ಯುದ್ಧದ ತಂತ್ರ, ಕಥೆ ಕಟ್ಟೋದು. ಒಬ್ಬರಲ್ಲೇ ಇವೆಲ್ಲ ಬೇರೆ ಬೇರೆ ಪ್ರಮಾಣದಲ್ಲಿ ಇರಬಹುದು, ಇವತ್ತು ಒಂದು ನಾಳೆ ಒಂದು ಬೇಕು ಅನ್ನಿಸ್ಲೂಬಹುದು. ‘ನಿಮಗೆ ಇದ್ರಲ್ಲಿ ಯಾವುದು ಖುಷಿ ಕೊಡತ್ತೆ’ ಅಂತ ಕ್ಯಾಂಪೇನ್ (ವಾರಗಟ್ಟಲೆ ನಡಿಯೋ ಕಥೆ) ಶುರು ಮಾಡೋ ಮುಂಚೆ ಸೆಷನ್ ಝೀರೋಲಿ, ಅಂದ್ರೆ ಬರೀ ಮಾತುಕತೆಗೆ ಅಂತ ಸೇರೋ ದಿನ, ಎಲ್ಲರನ್ನೂ ಕೇಳ್ಬೇಕು, ಡಿಎಂ ತನಗೇನು ಇಷ್ಟ ಅಂತಲೂ ಹೇಳ್ಬೇಕು. ನಿಮ್ಮ ಗುಂಪಲ್ಲಿ ಅದು ಆಗೇ ಇಲ್ಲ ಅನ್ನೋದು ಪತ್ರ ಓದಿದ್ರೆ ಗೊತ್ತಾಗತ್ತೆ, ನೀವು ರಾಜಕೀಯದ ಒಳಸಂಚಿನ ಕಥೆ ಅಂದ್ಕೊಂಡು ಬರೆದಿದೀರಿ, ಹಾಸನದ ಗೆಳೆಯರು ಕಾಳಗ ಅಂದ್ಕೊಂಡು ಬಂದಿದಾರೆ.

ಆ ಗೆಳೆಯರಿಗೆ ಗ್ರೂಪಲ್ಲಿ ಮೆಸೇಜ್ ಹಾಕಬೇಡಿ. ಸ್ಟಿಕರ್ ಮಾಡಿದವರೇ ಅದನ್ನ ತೆಗೀಲಿ, ಅವರೇ ಫೋನ್ ಮಾಡಿ ಕ್ಷಮೆ ಕೇಳ್ಲಿ. ನೀವು ಆಫೀಸಲ್ಲೇ ಸಿಗ್ತೀರಲ್ಲ, ಕಾಫಿಗೆ ಹೋದಾಗ ನೇರವಾಗಿ ಕೇಳಿ, ‘ಆಟದಲ್ಲಿ ನಿಮಗೆ ಏನಿಷ್ಟ ಆಗಿತ್ತು’ ಅಂತ. ಬರ್ತೀನಿ ಅಂದ್ರೆ ಆ ಭಾನುವಾರ ಹಳೇ ಕ್ಯಾಂಪೇನ್ ಎತ್ಕೋಬೇಡಿ, ಎಲ್ಲರೂ ಹೊಸ ಕ್ಯಾರೆಕ್ಟರ್ ಇಟ್ಕೊಂಡು ಒಂದು ಒನ್‌ಶಾಟ್ (ಒಂದೇ ಸಲಕ್ಕೆ ಮುಗಿಯೋ ಕಥೆ) ಆಡಿ, ಕನ್ನಡದಲ್ಲಿ ಆಡಿ, ಎಕ್ಸ್‌ಪಿ ಬಿಟ್ಟು ಮೈಲ್‌ಸ್ಟೋನ್ (ಕಥೆಯ ಘಟ್ಟ ದಾಟಿದಾಗ ಲೆವೆಲ್ ಏರೋದು) ಇಟ್ಕೊಳ್ಳಿ, ಗಾಬ್ಲಿನ್‌ಗಳಿಗೆ ಓಡಿಹೋಗೋಕೆ ಬಿಡಿ, ಅದ್ರಲ್ಲಿ ಒಳ್ಳೇ ಒಂದು ಕಾಳಗಾನೂ ಇರ್ಲಿ, ಅವರಿಗೆ ಅದೇ ಇಷ್ಟ ಇದ್ದಿರಬಹುದು. ಬರಲ್ಲ ಅಂದ್ರೆ ಒತ್ತಾಯ ಮಾಡಬೇಡಿ, ಯಾವಾಗ ಬೇಕಾದ್ರೂ ಬನ್ನಿ, ನಿಮ್ಮ ಜಾಗ ಇದೆ ಅಂತ ಹೇಳಿ.

ಸಂಪಾದಕ