ಮಲೇಷ್ಯಾದ ಸರವಾಕ್ ರಾಜ್ಯದ ಮೊದಲ ಮುಖ್ಯಮಂತ್ರಿ ನಿಂಗ್ಕನ್ ಕೋರ್ಟಿನಲ್ಲಿ ಗೆದ್ದರೂ ಕುರ್ಚಿ ಕಳೆದುಕೊಂಡದ್ದು ಹೇಗೆ?

ನೀವು ಓದಿದ್ದು ಸರಿ, ಕೋರ್ಟಿನಲ್ಲಿ ಅವರೇ ಗೆದ್ದರು. ಆದರೆ ಆ ಗೆಲುವು ಉಳಿದದ್ದು ಹದಿನೇಳು ದಿನ. ಅಷ್ಟರಲ್ಲಿ ಕೇಂದ್ರ ಸರ್ಕಾರ ರಾಜ್ಯದ ಸಂವಿಧಾನವನ್ನೇ ಬದಲಿಸಿತ್ತು.

ಸ್ಟೀಫನ್ ಕಾಲೊಂಗ್ ನಿಂಗ್ಕನ್ ಸರವಾಕ್‌ನ ಮೂಲನಿವಾಸಿಗಳಾದ ಇಬಾನ್ ಸಮುದಾಯದವರು, 1920ರಲ್ಲಿ ಬೆಟೊಂಗ್‌ನಲ್ಲಿ ಹುಟ್ಟಿದವರು. ಮೊದಲು ಪೊಲೀಸ್ ಕೆಲಸ, ಆಮೇಲೆ ಬ್ರೂನೈಯಲ್ಲಿ ಶೆಲ್ ಕಂಪನಿಯ ಆಸ್ಪತ್ರೆಯಲ್ಲಿ ನೌಕರಿ. 1961ರಲ್ಲಿ ಸರವಾಕ್ ನ್ಯಾಷನಲ್ ಪಾರ್ಟಿ (ಜನರ ಬಾಯಲ್ಲಿ ‘ಸ್ನ್ಯಾಪ್’) ಕಟ್ಟಿದರು. 1963ರ ಜುಲೈ 22ರಂದು ಮುಖ್ಯಮಂತ್ರಿಯಾದರು. ಮಲೇಷ್ಯಾ ಒಕ್ಕೂಟ ಹುಟ್ಟಿದ್ದೇ ಅದಾಗಿ ಸುಮಾರು ಎರಡು ತಿಂಗಳಿಗೆ.

ಕೌಲಾಲಂಪುರದ ಕೇಂದ್ರ ಸರ್ಕಾರದ ಜೊತೆ ಅವರಿಗೆ ಹೊಂದಿಕೆಯಾಗಲೇ ಇಲ್ಲ. ಆಡಳಿತದಲ್ಲಿ ಇಂಗ್ಲಿಷ್ ಉಳಿಯಬೇಕು, ಬ್ರಿಟಿಷ್ ಅಧಿಕಾರಿಗಳನ್ನು ಅವಸರದಲ್ಲಿ ಕಳಿಸಬಾರದು ಎಂಬುದು ಅವರ ಪಟ್ಟು. 1965ರ ಭೂಮಿ ಮಸೂದೆಗೆ ಮಿತ್ರಪಕ್ಷಗಳೇ ತಿರುಗಿಬಿದ್ದವು, ಮಸೂದೆ ವಾಪಸ್ಸಾಯಿತು. 1966ರ ಜೂನ್‌ನಲ್ಲಿ ತಮ್ಮ ಸಚಿವ ಅಬ್ದುಲ್ ತೈಬ್ ಮಹಮೂದ್ ಅವರನ್ನು ಕೈಬಿಟ್ಟಾಗ ಒಳಜಗಳ ಬೀದಿಗೆ ಬಂತು. (ಇದೇ ತೈಬ್ ಮುಂದೆ 1981ರಿಂದ 2014ರವರೆಗೆ ಮುಖ್ಯಮಂತ್ರಿಯಾಗಿದ್ದರು.)

ಇನ್ನು ಮುಖ್ಯ ವಿಷಯ. ನಿಂಗ್ಕನ್ ಮೇಲೆ ವಿಶ್ವಾಸವಿಲ್ಲ ಎಂಬ ಪತ್ರಕ್ಕೆ ಶಾಸನಸಭೆಯ 21 ಸದಸ್ಯರು ಸಹಿ ಹಾಕಿದರು. ಸಭೆಯ ಬಲ 42, ಅಂದರೆ ಅದು ಸರಿಯಾಗಿ ಅರ್ಧ, ಬಹುಮತವಲ್ಲ! ಜೂನ್ 14ರಂದು ಸಭೆ ಸೇರಿದ್ದರೂ ಅವಿಶ್ವಾಸ ಗೊತ್ತುವಳಿ ಬರಲಿಲ್ಲ. ಗವರ್ನರ್ ಅಬಂಗ್ ಹಾಜಿ ಓಪೆಂಗ್ ರಾಜೀನಾಮೆ ಕೇಳಿದರು, ನಿಂಗ್ಕನ್ ಕೊಡಲಿಲ್ಲ, ಜೂನ್ 17ರಂದು ವಜಾ ಆದರು. ಅವರ ಜಾಗಕ್ಕೆ ತಾವಿ ಸ್ಲಿ ಬಂದರು.

ಸೆಪ್ಟೆಂಬರ್ 7ರಂದು ಕುಚಿಂಗ್ ಹೈಕೋರ್ಟ್ ವಜಾ ಆದೇಶವನ್ನು ರದ್ದುಮಾಡಿತು. ವಿಶ್ವಾಸ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ಮತಕ್ಕೆ ಹಾಕಿ ತಿಳಿಯಬೇಕಾದದ್ದು, ಗವರ್ನರ್‌ಗೆ ಬಂದ ಪತ್ರದಿಂದಲ್ಲ ಎಂಬುದು ತೀರ್ಪಿನ ತಿರುಳು. ನಮ್ಮ ಎಸ್.ಆರ್. ಬೊಮ್ಮಾಯಿ ನೆನಪಾಗುತ್ತಾರಲ್ಲವೇ? 1989ರಲ್ಲಿ ರಾಜ್ಯಪಾಲರ ಕೈಸೇರಿದ್ದು 19 ಶಾಸಕರ ಪತ್ರ. ಅದರಲ್ಲಿ ಏಳು ಮಂದಿ ಮಾತು ಹಿಂತೆಗೆದುಕೊಂಡರೂ ಸರ್ಕಾರ ಉಳಿಯಲಿಲ್ಲ.

ಆಮೇಲಿನ ಓಟ ನೋಡಿ. ನಿಂಗ್ಕನ್ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗುವ ಮಾತಾಡುತ್ತಿದ್ದಾಗಲೇ, ಸೆಪ್ಟೆಂಬರ್ 14ರಂದು ಸರವಾಕ್‌ನಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು. ಒಕ್ಕೂಟದ ಸಂವಿಧಾನದ 150ನೇ ವಿಧಿಯಡಿ ಸಂಸತ್ತು ಕಾನೂನು ಮಾಡಿ, ಸಭೆ ಕರೆಯುವ ಅಧಿಕಾರವನ್ನು ಗವರ್ನರ್‌ಗೆ ಕೊಟ್ಟಿತು. 23ರಂದು ಸಭೆ, ಅವಿಶ್ವಾಸ. 24ರಂದು ಮತ್ತೆ ವಜಾ. ಕೋರ್ಟು ಹಾಕಿಕೊಟ್ಟ ದಾರಿಯಲ್ಲೇ ಈ ಸಲ ನಡೆದರು ಅನ್ನಿ, ಆದರೆ ಆ ದಾರಿಯ ಬೀಗದ ಕೈ ಕಸಿದುಕೊಂಡ ಮೇಲೆ. 1968ರಲ್ಲಿ, ಆಗ ಮಲೇಷ್ಯಾಕ್ಕೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು: ತುರ್ತುಸ್ಥಿತಿ ಎಂದರೆ ಯುದ್ಧ, ದಂಗೆಯಷ್ಟೇ ಅಲ್ಲ, ನಾಗರಿಕ ಆಡಳಿತ ಕುಸಿದರೂ ಅದೇ ಎಂದಿತು.

ಸ್ನ್ಯಾಪ್ ವಿರೋಧಪಕ್ಷಕ್ಕೆ ಹೋಯಿತು. 1974ರಲ್ಲಿ ಪಕ್ಷ 48ರಲ್ಲಿ 18 ಸ್ಥಾನ ಗೆದ್ದರೂ ನಿಂಗ್ಕನ್ ಸ್ವತಃ ಲಾಯಾರ್‌ನಲ್ಲಿ ಹೊಸಬ ಆಲ್ಫ್ರೆಡ್ ಜಬು ಎದುರು ಸೋತರು. ರಾಜಕೀಯ ಬದುಕು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು, 1997ರಲ್ಲಿ ತೀರಿಕೊಂಡರು.

ತೀರ್ಪು ಹುಡುಕುವಾಗ ಒಂದು ಎಚ್ಚರಿಕೆ: ‘ನಿಂಗ್ಕನ್ ಪ್ರಕರಣ’ ಎಂದು ಎರಡನ್ನೂ ಕರೆಯುತ್ತಾರೆ. ಗವರ್ನರ್ ಹೆಸರು ಪ್ರತಿವಾದಿಯಾಗಿದ್ದರೆ ಅದು 1966ರದ್ದು, ವಜಾ ಬಗ್ಗೆ. ಮಲೇಷ್ಯಾ ಸರ್ಕಾರ ಪ್ರತಿವಾದಿಯಾಗಿದ್ದರೆ ತುರ್ತುಸ್ಥಿತಿಯದ್ದು. ಮೊದಲನೆಯದನ್ನು ಓದಿದರೆ ಮಲೇಷ್ಯಾದ ಇನ್ನೊಂದು ರಾಜ್ಯ ಪೆರಾಕ್‌ನ ಮುಖ್ಯಮಂತ್ರಿಯಾಗಿದ್ದ ನಿಜಾರ್ ಜಮಾಲುದ್ದೀನ್ ಪ್ರಕರಣವನ್ನೂ ಓದಿ. ಸದನದಲ್ಲಿ ಮತ ಕಡ್ಡಾಯವಲ್ಲ, ಬೇರೆ ಆಧಾರದಿಂದಲೂ ಬಹುಮತ ಹೋಗಿದೆ ಎಂದು ತೀರ್ಮಾನಿಸಬಹುದು ಎಂದು ಮಲೇಷ್ಯಾದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟ್ 2010ರಲ್ಲಿ ಹೇಳಿದೆ. ಬಹುಮತ ಸದನದಲ್ಲೇ ತಿಳಿಯಬೇಕು ಎಂದು ಬೊಮ್ಮಾಯಿ ತೀರ್ಪಿನ ನಂತರ ಭಾರತ ಹಿಡಿದ ದಾರಿಗೆ ಇದು ತದ್ವಿರುದ್ಧ.